ಹಿತ್ತಲ ಕಲ್ಲಿನ ಮೇಲಿನ ಲೋಟ

ಕಳೆದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಉಡುಪಿಯ ನನ್ನ ಆಪ್ತಸಲಹಾ ಕೊಠಡಿಗೆ ಒಬ್ಬ ತಾಯಿ ತಮ್ಮ ಆರೂವರೆ ವರ್ಷದ ಮಗಳನ್ನು ಕರೆದುಕೊಂಡು ಬಂದರು. ಎರಡೂ ಕುಟುಂಬಗಳ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಮಗುವನ್ನು ಚಿನ್ನು ಎಂದೂ ಅವಳ ತರಗತಿಯ ಹುಡುಗನನ್ನು ಬಸು ಎಂದೂ ಕರೆಯುತ್ತೇನೆ. ಚಿನ್ನುವಿನ ಮನೆಯವರ ಜಾತಿಯನ್ನು ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಹಲವರು ಇದು ತಮ್ಮ ಮನೆಯ ವಿಷಯವಲ್ಲವೆಂದು ನಿರಾಳರಾಗಿಬಿಡುತ್ತಾರೆ; ಆದರೆ ನಾನು ಇಲ್ಲಿ ಹೇಳಲಿರುವ ಲೋಟವನ್ನು ಈ ಜಿಲ್ಲೆಯ ಬೇರೆ ಬೇರೆ ಸಮುದಾಯಗಳ ಮನೆಗಳಲ್ಲಿ ಕಂಡಿದ್ದೇನೆ.

ನಡೆದದ್ದು ಇಷ್ಟು. ಒಂದನೇ ತರಗತಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಬಸು ತನ್ನ ನೀರು ಮುಗಿದಿದ್ದರಿಂದ ಪಕ್ಕದಲ್ಲಿದ್ದ ಚಿನ್ನುವಿನ ಬಾಟಲಿಯಿಂದ ಕುಡಿದ. ಅವಳು ಬಾಟಲಿಯನ್ನು ನಳ್ಳಿಯ ಹತ್ತಿರ ಒಯ್ದು, ಉಳಿದ ನೀರನ್ನೆಲ್ಲ ಚೆಲ್ಲಿ, ಕೈತೊಳೆಯುವ ಸಾಬೂನು ಹಚ್ಚಿ ಮೂರು ಸಲ ತೊಳೆದು, ಹಿಂದಿರುಗಿ ಬಂದು ಎಲ್ಲರೆದುರು, "ನಿನಗೆ ಬೇರೆ ಲೋಟ ಇಡ್ಬೇಕು, ಅದು ಹೊರಗೆ ಇರ್ಬೇಕು" ಎಂದಳು. ಸಂಜೆ ಟೀಚರ್ ಫೋನ್ ಮಾಡಿ ತಿಳಿಸಿದಾಗ ತಾಯಿಗೆ ನಿಂತ ನೆಲ ಕುಸಿದಂತಾಯಿತು. "ನಾವು ಮನೆಯಲ್ಲಿ ಜಾತಿಯ ಮಾತೇ ಎತ್ತುವುದಿಲ್ಲ ಮೇಡಂ, ಇದನ್ನು ಅವಳು ಎಲ್ಲಿಂದ ಕಲಿತಳೋ" ಎನ್ನುವಾಗ ಅವರ ಕಣ್ಣು ತುಂಬಿತ್ತು.

ತಂದೆಗೆ ಇದು ಕೇವಲ ಶುಚಿತ್ವದ ಪ್ರಶ್ನೆಯೆಂದು ತೋರಿತ್ತು. ಎಂಜಲು ಮಾಡಬಾರದು, ಬಾಟಲಿಯನ್ನು ಎತ್ತಿ ಕುಡಿಯಬೇಕು ಎಂದು ಮಕ್ಕಳಿಗೆ ಹೇಳಿಕೊಡುವುದು ತಪ್ಪಲ್ಲ. ಮಳೆಗಾಲದಲ್ಲಿ ಶೀತಜ್ವರ ಹರಡುವಾಗ ಅದು ಒಳ್ಳೆಯ ನಿಯಮವೇ. ಆದ್ದರಿಂದ ನಾನು ಒಂದೇ ಪ್ರಶ್ನೆ ಕೇಳಿದೆ: ಅದೇ ಬಾಟಲಿಯಿಂದ ಬೇರೆ ಗೆಳತಿಯರು ಕುಡಿದಾಗ ಅವಳು ಏನು ಮಾಡುತ್ತಾಳೆ? ತಾಯಿ ಟೀಚರನ್ನು ವಿಚಾರಿಸಿದಾಗ, ಹಿಂದಿನ ದಿನವಷ್ಟೇ ಇನ್ನೊಬ್ಬ ಹುಡುಗಿ ಬಾಯಿ ತಾಗಿಸಿಯೇ ಕುಡಿದಿದ್ದಳೆಂದೂ ಚಿನ್ನು ಏನೂ ಅಂದಿರಲಿಲ್ಲವೆಂದೂ ತಿಳಿಯಿತು. ಎಂಜಲಿನ ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಅದು ಶುಚಿತ್ವ, ಕೆಲವರಿಗೆ ಮಾತ್ರ ಅನ್ವಯಿಸಿದರೆ ಅದರ ಹೆಸರು ಬೇರೆ. ಈ ವ್ಯತ್ಯಾಸವನ್ನು ಮೊದಲು ದೊಡ್ಡವರು ಒಪ್ಪಿಕೊಳ್ಳದೆ ಮಗುವಿನೊಂದಿಗೆ ಕೆಲಸ ಆರಂಭಿಸಲಾಗದು.

ಎರಡನೆಯ ಭೇಟಿಯಲ್ಲಿ ಚಿನ್ನು ನನ್ನ ಕೊಠಡಿಯ ಚಾಪೆಯ ಮೇಲೆ ಅಡುಗೆ ಆಟದ ಸಾಮಾನು ಹರಡಿಕೊಂಡು ಕುಳಿತಳು. ಅಪ್ಪನಿಗೆ, ಅಮ್ಮನಿಗೆ, ಅಜ್ಜಿಗೆ, ನನಗೆ ಎಂದು ಒಂದೊಂದು ಪುಟ್ಟ ಲೋಟವನ್ನು ಸಾಲಾಗಿ ಇಟ್ಟಳು. ಕೊನೆಗೆ ಉಳಿದ ಒಂದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಯೋಚಿಸಿ, ಚಾಪೆಯಿಂದ ಎದ್ದು ಹೋಗಿ ಬಾಗಿಲಿನ ಹೊಸ್ತಿಲಾಚೆ ಬೋರಲು ಹಾಕಿ ಬಂದಳು. ಅದು ಯಾರದೆಂದು ಕೇಳಿದೆ. "ಅದು ಕೆಲಸದವಳದ್ದು" ಎಂದಳು. ಒಳಗೆ ಯಾಕೆ ಇಡುವುದಿಲ್ಲವೆಂದು ಕೇಳಿದಾಗ, "ಇಟ್ಟರೆ ಅಜ್ಜಿಗೆ ಬೇಜಾರಾಗ್ತದೆ" ಎಂದಳು. ಬಸುವಿಗೆ ಯಾಕೆ ಬೇರೆ ಲೋಟ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವನ್ನು ನಾನು ಅಕ್ಷರಶಃ ಬರೆದಿಟ್ಟುಕೊಂಡಿದ್ದೇನೆ: "ಅವನು ಅವಳ ಹಾಗೆಯೇ ಮಾತಾಡ್ತಾನಲ್ಲ."

ಅವರ ಮನೆಗೆ ನೆಲ ಒರೆಸಲು, ಪಾತ್ರೆ ತೊಳೆಯಲು ಬರುವ ಹೆಂಗಸು ಘಟ್ಟದ ಮೇಲಿನ ಬಯಲುಸೀಮೆಯಿಂದ ಬಂದವರು. ಬಸುವಿನ ತಂದೆತಾಯಿ ಕಟ್ಟಡ ಕೆಲಸಕ್ಕೆಂದು ಅದೇ ಕಡೆಯಿಂದ ಬಂದವರು. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ, ನೆಂಟಸ್ತನವಿಲ್ಲ. ಆದರೆ ಇಬ್ಬರೂ "ಐತಿ", "ಹೌದ್ರಿ" ಎನ್ನುತ್ತಾರೆ. ದಿನವೂ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಬೋರಲು ಬಿದ್ದಿರುವ ಆ ಒಂದು ಸ್ಟೀಲ್ ಲೋಟವನ್ನು ನೋಡುತ್ತಾ ಬೆಳೆದ ಮಗು, ಯಾರೂ ವಿವರಿಸದ ಒಂದು ನಿಯಮವನ್ನು ತಾನೇ ಊಹಿಸಿಕೊಂಡು, ಈ ರೀತಿ ಮಾತಾಡುವವರ ಲೋಟ ಹೊರಗಿರಬೇಕು ಎಂದು ತೀರ್ಮಾನಿಸಿ, ಅದನ್ನು ಶಾಲೆಯಲ್ಲಿ ಪ್ರಾಮಾಣಿಕವಾಗಿ ಪಾಲಿಸಿತ್ತು. ಮನೆಯಲ್ಲಿ ಜಾತಿಯ ಮಾತೇ ಇರಲಿಲ್ಲವೆಂದು ತಾಯಿ ಹೇಳಿದ್ದು ನಿಜ. ಮಾತಿನ ಅಗತ್ಯವೇ ಬಿದ್ದಿರಲಿಲ್ಲ.

ತಂದೆತಾಯಿಗೆ ನಾನು ಅಮೆರಿಕದ ಮನೋವಿಜ್ಞಾನಿ ರೆಬೆಕಾ ಬಿಗ್ಲರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ವಿವರಿಸಿದೆ. ಬೇಸಿಗೆ ಶಾಲೆಯೊಂದರಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ನೀಲಿ ಅಥವಾ ಹಳದಿ ಅಂಗಿ ತೊಡಿಸಲಾಯಿತು. ಕೆಲವು ತರಗತಿಗಳಲ್ಲಿ ಶಿಕ್ಷಕರು ಬಣ್ಣದ ಪ್ರಕಾರವೇ ಮಕ್ಕಳನ್ನು ಕೂರಿಸಿದರು, ಸಾಲು ನಿಲ್ಲಿಸಿದರು; ಉಳಿದ ತರಗತಿಗಳಲ್ಲಿ ಬಣ್ಣವನ್ನು ಗಮನಿಸದೆ ಪಾಠ ಮಾಡಿದರು. ಯಾವ ಬಣ್ಣ ಮೇಲು, ಯಾವುದು ಕೀಳು ಎಂದು ಯಾರೂ ಎಲ್ಲಿಯೂ ಹೇಳಲಿಲ್ಲ. ಆದರೂ ಬಣ್ಣದಿಂದ ವಿಂಗಡಿಸಿದ ತರಗತಿಗಳ ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ತಮ್ಮ ಬಣ್ಣದವರೇ ಹೆಚ್ಚು ಒಳ್ಳೆಯವರೆಂಬ ಭಾವ ಬೆಳೆಯಿತು; ಉಳಿದ ತರಗತಿಗಳಲ್ಲಿ ಬೆಳೆಯಲಿಲ್ಲ. ದೊಡ್ಡವರು ಒಂದು ವ್ಯತ್ಯಾಸವನ್ನು ಬಳಸಿ ವ್ಯವಸ್ಥೆ ಮಾಡಿದರೆ, ಆ ವ್ಯತ್ಯಾಸಕ್ಕೆ ಅರ್ಥವಿದೆಯೆಂದು ಮಕ್ಕಳು ತಿಳಿಯುತ್ತಾರೆ. ನಿಮ್ಮ ಮನೆಯಲ್ಲಿ ಅಂಗಿಯ ಜಾಗದಲ್ಲಿ ಲೋಟವಿದೆ ಎಂದೆ.

"ಇದೆಲ್ಲ ಹಿಂದಿನ ಕಾಲದ್ದು, ನಮ್ಮ ಊರಿನಲ್ಲಿ ಈಗ ಎಲ್ಲಿದೆ" ಎಂದು ತಂದೆ ಕೇಳಿದರು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗ ಸಮುದಾಯದವರಿಗೆ ತಿನ್ನಿಸಿ ತಮ್ಮ ರೋಗರುಜಿನವನ್ನು ಅವರಿಗೆ ದಾಟಿಸಿದೆವೆಂದು ನಂಬುತ್ತಿದ್ದ ಅಜಲು ಪದ್ಧತಿ ಇದೇ ಕರಾವಳಿಯದು ಎಂದು ನೆನಪಿಸಿದೆ. ಅದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿ ಆಗಲೇ ಅರ್ಧ ಶತಮಾನವಾಗಿತ್ತು. ಆ ವರ್ಷ ಈ ತಂದೆ ಹೈಸ್ಕೂಲಿನಲ್ಲಿದ್ದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಭೇಟಿಗೆ ತಮ್ಮ ಅಮ್ಮನನ್ನೂ ಕರೆತರುತ್ತೇನೆಂದರು.

ಅಜ್ಜಿಯನ್ನು ಅಪರಾಧಿಯ ಸ್ಥಾನದಲ್ಲಿ ಕೂರಿಸಬಾರದೆಂದು ನಾನು ಮೊದಲೇ ನಿರ್ಧರಿಸಿದ್ದೆ. ಎಪ್ಪತ್ತೆರಡು ವರ್ಷದ ಆ ಹಿರಿಯರು ಕೆಲಸದ ಹೆಂಗಸಿಗೆ ಹೊಟ್ಟೆ ತುಂಬ ಬಡಿಸುವವರು, ಹಲಸಿನ ಹಣ್ಣು ಕೊಯ್ದ ದಿನ ಅರ್ಧ ಕಟ್ಟಿಕೊಡುವವರು, ಅವರ ಮಗಳ ಆಸ್ಪತ್ರೆಯ ಖರ್ಚಿಗೆ ಹಣ ಕೊಟ್ಟವರು. ಇಷ್ಟೆಲ್ಲ ಮಾಡಿದವರಿಗೆ ಒಂದು ಲೋಟದ ವಿಷಯದಲ್ಲಿ ಪ್ರಶ್ನೆ ಬಂದದ್ದು ನೋವುಂಟುಮಾಡಿತ್ತು. ನಾನು ಅವರ ಬಾಲ್ಯದ ಮನೆಯ ಬಗ್ಗೆ ಕೇಳುತ್ತಾ ಹೋದೆ. ಮುಟ್ಟಿನ ಮೂರು ದಿನ ಹಿಂದಿನ ಜಗಲಿಯಲ್ಲಿ ಕೂರಬೇಕಿತ್ತು, ಬಟ್ಟಲು, ಚೊಂಬು, ಚಾಪೆ ಎಲ್ಲವೂ ಬೇರೆ ಎಂದು ಅವರೇ ಹೇಳಿದರು. ಆ ಚೊಂಬನ್ನು ಕಂಡರೆ ಹೇಗನ್ನಿಸುತ್ತಿತ್ತೆಂದು ಕೇಳಿದೆ. "ಅಭ್ಯಾಸ ಆಗಿಹೋಗಿತ್ತು" ಎಂದರು. ಬಳಿಕ, "ತಮ್ಮ ನೋಡ್ತಾನಲ್ಲ ಅಂತ ನಾಚಿಕೆ ಆಗ್ತಿತ್ತು" ಎಂದು ಸೇರಿಸಿದರು. ನಾನು ಮುಂದೆ ಏನನ್ನೂ ಕೇಳಲಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಮಗುವಿಗೆ ಸಂಬಂಧಿಸಿದ್ದೇ ಅಲ್ಲ. ಎಲ್ಲರೂ ಸಮಾನರು ಎಂಬ ಪಾಠವನ್ನು ಮಗುವಿಗೆ ಹೇಳುವ ಮೊದಲು ಆ ಲೋಟ ಒಳಗಿನ ಕಪಾಟಿಗೆ ಬರಬೇಕು. ಅದು ಕಲ್ಲಿನ ಮೇಲೆಯೇ ಇದ್ದು ಮಾತು ಮಾತ್ರ ಬದಲಾದರೆ, ಹೊರಗೆ ಒಂದು ಹೇಳಬೇಕು, ಮನೆಯಲ್ಲಿ ಇನ್ನೊಂದು ಮಾಡಬೇಕು ಎಂಬುದನ್ನು ಮಗು ಕಲಿಯುತ್ತದೆ. ಎರಡನೆಯದು ನಮ್ಮ ಭಾಷೆಗೆ ಸಂಬಂಧಿಸಿದ್ದು. ನಲವತ್ತೈದು ದಾಟಿದ ಆ ಹೆಂಗಸನ್ನು ಆರು ವರ್ಷದ ಮಗು "ಕೆಲಸದವಳು ಬಂದಳು" ಎನ್ನುತ್ತಿತ್ತು, "ನೀನು" ಎಂದು ಮಾತಾಡಿಸುತ್ತಿತ್ತು. ಅಪ್ಪನ ಇಪ್ಪತ್ತೈದರ ಸಹೋದ್ಯೋಗಿಗೆ "ನೀವು", "ಬಂದರು". ಕನ್ನಡದ ಬಹುವಚನವೂ ತುಳುವಿನ "ಈರ್" ಎಂಬುದೂ ಯಾರಿಗೆ ಎಷ್ಟು ಗೌರವ ಸಲ್ಲಬೇಕೆಂಬುದನ್ನು ದಿನಕ್ಕೆ ನೂರು ಸಲ ಮಕ್ಕಳಿಗೆ ಕಲಿಸುತ್ತಿರುತ್ತವೆ. ಆಕೆಯನ್ನು ಏನೆಂದು ಕರೆಯಬೇಕೆಂದು ಆಕೆಯನ್ನೇ ಕೇಳಿ ಎಂದೆ. "ದೊಡ್ಡವ್ವ ಅನ್ಲಿ" ಎಂದರಂತೆ. ಮನೆಯವರೆಲ್ಲರೂ ಬಹುವಚನಕ್ಕೆ ಹೊರಳಬೇಕು, ಮಗು ಒಬ್ಬಳೇ ಅಲ್ಲ ಎಂದು ಒತ್ತಿ ಹೇಳಿದೆ.

ಮಗುವಿಗೆ ಹೇಳಬೇಕಾದ ಮಾತು ಚಿಕ್ಕದಾಗಿರಬೇಕು, ದೊಡ್ಡವರ ತಪ್ಪನ್ನು ಒಪ್ಪಿಕೊಳ್ಳುವಂತಿರಬೇಕು. ನಾವು ಕೂಡಿ ರೂಪಿಸಿದ ಮಾತು ಹೀಗಿತ್ತು: "ದೊಡ್ಡವ್ವನ ಲೋಟ ಹೊರಗೆ ಇಟ್ಟದ್ದು ನಮ್ಮ ತಪ್ಪು. ಕೆಲವರು ಮುಟ್ಟಿದರೆ ನೀರು ಕೆಡುತ್ತದೆ ಎಂದು ಹಿಂದಿನವರು ಹೇಳುತ್ತಿದ್ದರು. ಅದು ಸುಳ್ಳು. ಆ ಸುಳ್ಳಿನಿಂದ ತುಂಬ ಜನರಿಗೆ ಅನ್ಯಾಯವಾಯಿತು." ಅನ್ಯಾಯ ಎಂಬ ಪದ ಈ ವಯಸ್ಸಿಗೆ ಭಾರವೆಂದು ತಾಯಿ ಹಿಂಜರಿದರು. ಆದರೆ ಚಕ್ಕುಲಿ ಹಂಚುವಾಗ ಅಣ್ಣನಿಗೆ ಎರಡು, ತನಗೆ ಒಂದು ಬಂದರೆ ಆರು ವರ್ಷದ ಯಾವ ಮಗುವೂ ಆ ಭಾವವನ್ನು ವಿವರಿಸಿ ಹೇಳಿಸಿಕೊಳ್ಳಬೇಕಾಗಿಲ್ಲ. "ಪಾಪ, ಬಡವರು" ಎಂಬ ಪದಗಳನ್ನು ಬಳಸಬೇಡಿ ಎಂದೂ ಕೇಳಿಕೊಂಡೆ. ಕನಿಕರದಿಂದ ಲೋಟ ಒಳಗೆ ಬಂದರೆ ಕನಿಕರ ಮುಗಿದ ದಿನ ಅದು ಮತ್ತೆ ಹೊರಗೆ ಹೋಗುತ್ತದೆ.

ಕತೆ ಕೇಳುವ ಮಗುವಾದ್ದರಿಂದ ಎರಡು ನಿಜಸಂಗತಿಗಳನ್ನು ತಂದೆಗೆ ಕೊಟ್ಟೆ. ದನಕರುಗಳು ಕುಡಿಯಬಹುದಾಗಿದ್ದ, ಮಹಾರಾಷ್ಟ್ರದ ಮಹಾಡ ಎಂಬ ಊರಿನ ಕೆರೆಯ ನೀರನ್ನು ಕೆಲವು ಮನುಷ್ಯರು ಮುಟ್ಟಬಾರದೆಂದು ತಡೆದಿದ್ದಾಗ, 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಬೊಗಸೆಯಲ್ಲಿ ನೀರು ಕುಡಿದದ್ದು ಒಂದು. ಇನ್ನೊಂದು, 1892ರಲ್ಲೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು, ಅದಕ್ಕಾಗಿ ಸ್ವಂತ ಸಮುದಾಯದ ಬಹಿಷ್ಕಾರ ಅನುಭವಿಸಿದ ಕುದ್ಮುಲ್ ರಂಗರಾಯರದು. ಮಂಗಳೂರಿಗೆ ಹೋದಾಗ ಅವರ ಹೆಸರಿನ ಪುರಭವನವನ್ನು ತೋರಿಸಿ ಹೇಳಬಹುದು. ಆದರೆ ಅನ್ಯಾಯಕ್ಕೆ ಒಳಗಾದವರೇ ಎದ್ದು ನಿಂತ ಕತೆ ಮೊದಲು ಬರಲಿ, ಸಹಾಯಕ್ಕೆ ಬಂದವರ ಕತೆ ಬಳಿಕ ಬರಲಿ ಎಂಬುದು ನನ್ನ ಅಭಿಪ್ರಾಯ.

ತಾಯಿಯ ಒಪ್ಪಿಗೆಯೊಂದಿಗೆ ಟೀಚರ್ ಜೊತೆಗೂ ಮಾತಾಡಿದೆ. ಮಕ್ಕಳ ಬಗ್ಗೆ ನಿಜವಾದ ಕಾಳಜಿ ಇದ್ದ ಅವರು, ಇಬ್ಬರನ್ನೂ ತರಗತಿಯ ಮುಂದೆ ನಿಲ್ಲಿಸಿ ಚಿನ್ನುವಿನಿಂದ ಕ್ಷಮೆ ಕೇಳಿಸಿ ಕೈಕುಲುಕಿಸಬೇಕೆಂದಿದ್ದರು. ದಯವಿಟ್ಟು ಹಾಗೆ ಮಾಡಬೇಡಿ ಎಂದೆ. ಅವಮಾನವಾದ ಜಾಗದಲ್ಲೇ ಬಸುವನ್ನು ಮತ್ತೆ ನಿಲ್ಲಿಸಿದರೆ ಅವನು ಇನ್ನೊಂದು ಮಗುವಿನ ಪಾಠಕ್ಕೆ ಸಾಮಗ್ರಿಯಾಗುತ್ತಾನೆ. ಆ ದಿನದಿಂದ ಬಸು ಹೇಗಿದ್ದಾನೆಂದು ನಾನು ಕೇಳಿದಾಗ ಉತ್ತರ ಸಿಗಲಿಲ್ಲ. ಯಾರೂ ಅವನನ್ನು ವಿಚಾರಿಸಿರಲಿಲ್ಲ. ಮರುದಿನ ಗಮನಿಸಿದಾಗ ಅವನು ಊಟದ ಹೊತ್ತಿಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಆಗ ಟೀಚರ್ ಅವನನ್ನು ಒಬ್ಬನನ್ನೇ ಕರೆದು, ನಡೆದದ್ದು ತಪ್ಪು, ನಿನ್ನದೇನೂ ತಪ್ಪಿಲ್ಲ, ನೀನು ಮುಟ್ಟಿದರೆ ಯಾವ ನೀರೂ ಕೆಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಅವನ ತಾಯಿ ಕೆಲಸ ಮುಗಿಸಿ ಬರುವ ಸಂಜೆಯ ಹೊತ್ತಿಗೆ ಕಾದು ಅವರಿಗೂ ತಿಳಿಸಿದರು.

ಇನ್ನೊಂದು ಸಂಗತಿ ಈ ಮಾತುಕತೆಯಲ್ಲೇ ಹೊರಬಂತು. ತರಗತಿಯಲ್ಲಿ ಬಸು "ಐತಿ" ಎಂದಾಗಲೆಲ್ಲ "ಇದೆ ಅನ್ನು" ಎಂದು ತಿದ್ದಲಾಗುತ್ತಿತ್ತು, ಮಕ್ಕಳು ನಗುತ್ತಿದ್ದರು. ಆದರೆ ನಮ್ಮ ಮಕ್ಕಳ "ಉಂಟು" ಯಾರ ಕಿವಿಗೂ ತಪ್ಪಾಗಿ ಬಿದ್ದಿರಲಿಲ್ಲ. ಟೀಚರ್ ಮರುವಾರ ಹಲಗೆಯ ಮೇಲೆ "ಇದೆ, ಉಂಟು, ಐತಿ" ಎಂದು ಮೂರನ್ನೂ ಒಂದೇ ಗಾತ್ರದಲ್ಲಿ ಬರೆದು, ಯಾರ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿದರು. ಬ್ಯಾರಿ, ಕೊಂಕಣಿ, ತುಳು ಮಾತುಗಳೂ ಹಲಗೆಗೆ ಬಂದವು. ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ರೂಪಿಸಿದ ವಿಧಾನವನ್ನು ಸರಳಗೊಳಿಸಿ, ನಾಲ್ಕು ಮಕ್ಕಳ ಗುಂಪಿನಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಚಿತ್ರದ ಒಂದೊಂದು ತುಂಡು ಮಾತ್ರ ಇರುವಂತೆ, ನಾಲ್ವರೂ ಸೇರದೆ ಚಿತ್ರ ಪೂರ್ಣವಾಗದಂತೆ ಕೆಲಸ ಕೊಡಲು ಸೂಚಿಸಿದೆ.

ಎರಡೂವರೆ ತಿಂಗಳಲ್ಲಿ ಐದು ಭೇಟಿಗಳಾದವು. ಚಿನ್ನು ಒಂದು ದಿನ ತಾನಾಗಿಯೇ ಬಸುವಿಗೆ ಬಾಟಲಿ ಚಾಚಿ "ನೀರು ಬೇಕಾ" ಎಂದಳಂತೆ. ಅವನು "ಬ್ಯಾಡ, ನಂದು ಐತಿ" ಎಂದನಂತೆ. ತಾಯಿಗೆ ಇದರಿಂದ ನಿರಾಶೆಯಾಯಿತು. ಬೇಡವೆನ್ನುವ ಹಕ್ಕು ಅವನದು, ಅವನು ನಂಬಲು ಎಷ್ಟು ಕಾಲ ಬೇಕೋ ಅಷ್ಟು ಕಾಲ ಚಿನ್ನು ಕಾಯಬೇಕು, ಅದನ್ನೂ ಅವಳಿಗೆ ತಿಳಿಸಿ ಹೇಳಿ ಎಂದೆ. ಮನೆಯ ಲೋಟ ಒಳಗೆ ಬಂದಿದೆ. ಕಪಾಟಿನ ತುದಿಯಲ್ಲಿದೆ, ಅಜ್ಜಿ ಅದರಲ್ಲಿ ಕುಡಿಯುವುದಿಲ್ಲ. ಆದರೆ ಮೊಮ್ಮಗಳು ಅದರಲ್ಲಿ ಹಾಲು ಕುಡಿದಾಗ ತಡೆಯುವುದೂ ಇಲ್ಲ. ಎಪ್ಪತ್ತೆರಡರ ವಯಸ್ಸಿಗೆ ಇದು ಸಣ್ಣ ಹೆಜ್ಜೆಯೆಂದು ನಾನು ಎಣಿಸುವುದಿಲ್ಲ.

ಕೊನೆಯ ಭೇಟಿಯ ದಿನ ತಾಯಿ ಹೊಸದೊಂದು ಪ್ರಶ್ನೆಯೊಂದಿಗೆ ಬಂದಿದ್ದರು. "ಲೋಟ ಒಳಗಿನದ್ದೇ ಆದರೆ ದೊಡ್ಡವ್ವ ಯಾಕೆ ಮೆಟ್ಟಿಲ ಮೇಲೆ ಕೂತು ಚಾ ಕುಡೀತಾರೆ? ಕುರ್ಚಿ ಉಂಟಲ್ಲ" ಎಂದು ಚಿನ್ನು ಕೇಳಿದ್ದಾಳೆ. ಕುರ್ಚಿಯಲ್ಲಿ ಕೂರಿ ಎಂದು ಅಪ್ಪಣೆ ಮಾಡಿದರೆ ಅದೂ ಯಜಮಾನಿಕೆಯೇ ಆಗುತ್ತದೆ. ಎಲ್ಲಿ ಕೂರಲು ಇಷ್ಟವೆಂದು ಅವರನ್ನೇ ಕೇಳಿ, ಜೊತೆಗೆ ವಾರಕ್ಕೊಂದು ಸಂಬಳಸಹಿತ ರಜೆ ಕೊಡುತ್ತಿದ್ದೀರಾ ಎಂಬುದನ್ನೂ ಮನೆಯಲ್ಲಿ ಚರ್ಚಿಸಿ ಎಂದು ಹೇಳಿದೆ. ರಜೆಯ ಮಾತು ಅವರು ಯೋಚಿಸಿರದ್ದು. ಚೀಲದಿಂದ ಪೆನ್ನು ತೆಗೆದು ಬರೆದುಕೊಂಡರು.