ಗೊಬ್ಬರಕ್ಕಿಂತ ಮೊದಲು ಗಿಡ ಎಣಿಸಿ: ಜೋಳ, ಭತ್ತದ ಇಳುವರಿ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಆರು ಎಕರೆ ಎರಿ ಹೊಲ. ಹಿಂಗಾರಿಗೆ ಮಾಲದಂಡಿ ಜೋಳ ಬಿತ್ತತೀವಿ. ಎಕರೆಗೆ ನಾಲ್ಕು ಕ್ವಿಂಟಲ್ ಮೇಲೆ ಹೋಗಲ್ಲ. ಪಕ್ಕದ ಊರಿನ ಪ್ರಾತ್ಯಕ್ಷಿಕೆ ತಾಕಿನಲ್ಲಿ ಎಂಟೂವರೆ ಬಂದದ್ದು ಕಣ್ಣಾರೆ ನೋಡೀವಿ. ಮಳೆ ಅದೇ, ಮಣ್ಣು ಅದೇ. ತಳಿ ಬದಲಿಸಬೇಕಾ, ಗೊಬ್ಬರ ಹೆಚ್ಚು ಮಾಡಬೇಕಾ?
– ರೈತರು, ಜೇವರ್ಗಿ ತಾಲ್ಲೂಕು

ಉತ್ತರ: ಸದ್ಯಕ್ಕೆ ಎರಡೂ ಬೇಡ. ಹೊಲದಲ್ಲಿ ಗಿಡ ಎಷ್ಟಿವೆ ಎಂದು ಎಣಿಸಿ. ಕೂರಿಗೆ ಸಾಲು 45 ಸೆಂ.ಮೀ. (ಒಂದೂವರೆ ಅಡಿ) ಇದ್ದರೆ, 9 ಮೀಟರ್ ಉದ್ದದ ಒಂದು ಸಾಲು ಎಕರೆಯ ಸಾವಿರದ ಒಂದು ಪಾಲು. ಅದರಲ್ಲಿ 25 ಗಿಡ ಸಿಕ್ಕರೆ ಎಕರೆಗೆ 25 ಸಾವಿರ ಎಂದಾಯಿತು. ಬಿತ್ತಿದ ಮೂರನೇ ವಾರ ಮುಗಿದ ಮೇಲೆ ಹೊಲದ ಐದಾರು ಕಡೆ ಹೀಗೆ ಎಣಿಸಿ ಸರಾಸರಿ ತೆಗೆಯಿರಿ. ಕೊಯ್ಲಿನಲ್ಲೂ ಇದೇ ಅಳತೆ ಉಪಯೋಗಕ್ಕೆ ಬರುತ್ತದೆ: 9 ಮೀಟರ್ ಸಾಲಿನ ತೆನೆ ಕೊಯ್ದು, ಒಣಗಿಸಿ, ಬಡಿದು ತೂಗಿದಾಗ ಎಷ್ಟು ಗ್ರಾಂ ಬಂತೋ, ಎಕರೆಗೆ ಅಷ್ಟೇ ಕೆ.ಜಿ.

ಬೇಕಾದದ್ದು ಎಷ್ಟು? ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಇದ್ದರೆ 9 ಮೀಟರಿಗೆ 60 ಗಿಡ. ಒಣಬೇಸಾಯದಲ್ಲಿ ಆಳದ ಎರೆ (ಕಪ್ಪು) ಮಣ್ಣಿಗೆ 50ರಿಂದ 60 ಸರಿ. ಒಂದು ತೆನೆಗೆ 20 ಗ್ರಾಂ ಕಾಳು ಹಿಡಿದರೂ 25 ಸಾವಿರ ಗಿಡಕ್ಕೆ 5 ಕ್ವಿಂಟಲ್ ಮೀರದು. ಗಿಡ ವಿರಳವಾದಾಗ ತೆನೆ ಸ್ವಲ್ಪ ದಪ್ಪಗಾಗುತ್ತದೆ ನಿಜ, ಆದರೆ ಇಲ್ಲದ ಗಿಡದ ಲೆಕ್ಕವನ್ನು ಅದು ಪೂರಾ ತುಂಬಿಕೊಡುವುದಿಲ್ಲ. ನಾಲ್ಕು ಕ್ವಿಂಟಲ್ ಹೊಲದ ಕೊರತೆ ಬಹಳ ಸಲ ಇಲ್ಲೇ ಇರುತ್ತದೆ. ಚೀಲಗಟ್ಟಲೆ ಗೊಬ್ಬರ ಅದನ್ನು ಮುಚ್ಚಲಾರದು.

ಮಾಲದಂಡಿ (ಎಂ 35-1) ದಪ್ಪ ಕಾಳಿನ ಜೋಳ, ಸಾವಿರ ಕಾಳು ಸುಮಾರು 34 ಗ್ರಾಂ ತೂಗುತ್ತದೆ. ಎಕರೆಗೆ 3 ಕೆ.ಜಿ. ಬಿತ್ತಿದರೆ 88 ಸಾವಿರ ಬೀಜ ಬಿದ್ದಂತೆ. ನೂರಕ್ಕೆ 70 ಹುಟ್ಟಿದರೂ 60 ಸಾವಿರ ದಾಟುತ್ತದೆ. ಹಾಗಾದರೆ ಗಿಡ ಹೋದದ್ದೆಲ್ಲಿ? ಒಂದು, ಮೇಲ್ಮಣ್ಣು ಆರಿದೆಯೆಂದು ಹಸಿ ಹುಡುಕಿ ತೀರಾ ಆಳಕ್ಕೆ ಬಿತ್ತುವುದು. 5 ಸೆಂ.ಮೀ. ಸಾಕು, ಅದಕ್ಕಿಂತ ಬಹಳ ಕೆಳಗೆ ಬಿದ್ದ ಬೀಜದ ಮೊಳಕೆ ಮೇಲೆ ಬರುವಷ್ಟರಲ್ಲಿ ಸೋಲುತ್ತದೆ. ಎರಡು, ಸುಳಿ ನೊಣ. ಮೊದಲ ನಾಲ್ಕು ವಾರ ಅದರ ಮರಿಹುಳು ಸುಳಿಯನ್ನು ಕತ್ತರಿಸುತ್ತದೆ, ನಡುವಿನ ಎಲೆ ಒಣಗಿ ಎಳೆದರೆ ಕೈಗೆ ಬರುತ್ತದೆ. ಬಿತ್ತನೆ ತಡವಾದಷ್ಟೂ ಈ ಕಾಟ ಹೆಚ್ಚು, ನೆಲದ ಹಸಿಯೂ ಕಡಿಮೆ. ಉತ್ತರಿ ಮಳೆಯಿಂದ ಹಸ್ತದ ಮಳೆಯೊಳಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಎರಡನೇ ವಾರದೊಳಗೆ ಬಿತ್ತನೆ ಮುಗಿಸಿ.

ಬೀಜಕ್ಕೆ ಹೀಗೆ ಮಾಡಿ. ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, 8 ಗಂಟೆ ಬೀಜ ನೆನೆಸಿ, ನೆರಳಲ್ಲಿ ಮೊದಲಿನಂತೆ ಗರಿಗರಿ ಒಣಗಿಸಿ. ಹಸಿಯ ಕೊರತೆಯಲ್ಲೂ ಮೊಳಕೆ ಬೇಗ, ಒಂದೇ ಸಮ ಬರುತ್ತದೆ. ಒಣಗಿದ ಮೇಲೆ ಕೆ.ಜಿ. ಬೀಜಕ್ಕೆ 10 ಮಿ.ಲೀ. ಥಯಾಮೆಥಾಕ್ಸಾಮ್ 30 ಎಫ್.ಎಸ್. ಕೀಟನಾಶಕ ಹಚ್ಚಿ, ಕೈಗವಸು ಹಾಕದೆ ಮುಟ್ಟಬೇಡಿ, ಉಳಿದ ಬೀಜವನ್ನು ದನಕ್ಕಾಗಲಿ ಕೋಳಿಗಾಗಲಿ ಹಾಕಬೇಡಿ. ಹದಿನೈದು-ಇಪ್ಪತ್ತನೇ ದಿನಕ್ಕೆ ಒತ್ತಾದ ಕಡೆ ಗಿಡ ಕೀಳುವಾಗ, ಸುಳಿ ಸತ್ತವನ್ನು ಮೊದಲು ಕಿತ್ತು ಹೊಲದಿಂದ ಹೊರಗೆ ಹಾಕಿ.

ಇನ್ನು ನೀರು. ಹಿಂಗಾರಿ ಜೋಳ ಬೆಳೆಯುವುದು ಬಹುಪಾಲು ಕೂಡಿಟ್ಟ ಹಸಿಯ ಮೇಲೆ. ಒಂದು ಮೀಟರ್ ಆಳದ ಎರೆ ಮಣ್ಣು ಬೆಳೆಗೆ ಸಿಗುವಂಥ 150ರಿಂದ 200 ಮಿ.ಮೀ. ನೀರು ಹಿಡಿಯುತ್ತದೆ. ಒಂದೂವರೆ ಅಡಿಗೇ ಗರಸು (ಕಲ್ಲುಮಿಶ್ರಿತ ಪದರ) ಸಿಕ್ಕರೆ 80 ಮಿ.ಮೀ. ಆಸುಪಾಸು ಅಷ್ಟೆ. ಆದ್ದರಿಂದ ಹಾರೆ ಹಿಡಿದು ನಾಲ್ಕಾರು ಕಡೆ ಆಳ ನೋಡಿ. ಪ್ರಾತ್ಯಕ್ಷಿಕೆಯ ಮಣ್ಣು ಮೂರಡಿ ಇದ್ದು ನಿಮ್ಮದು ಒಂದೂವರೆ ಅಡಿ ಇದ್ದರೆ, ‘ಮಣ್ಣು ಅದೇ’ ಎನ್ನುವ ಮಾತೇ ನಿಲ್ಲುವುದಿಲ್ಲ. ಅಂಥ ತುಂಡಿನಲ್ಲಿ 9 ಮೀಟರಿಗೆ 45 ಗಿಡ ಸಾಕು, ಗುರಿಯನ್ನೂ ಇಳಿಸಿಕೊಳ್ಳಿ. ಅಲ್ಲಿ ಗಿಡ ಮತ್ತು ಯೂರಿಯಾ ಎರಡನ್ನೂ ಏರಿಸಿದರೆ ಕಾಳು ತುಂಬುವ ಹೊತ್ತಿಗೆ ಹಸಿ ತೀರಿ, ಬುಡದ ಕಾಂಡ ಒಳಗೆ ಇದ್ದಿಲಿನಂತೆ ಕಪ್ಪಾಗಿ ಬೆಳೆ ಮಲಗುತ್ತದೆ.

ಆಳದ ಹೊಲದಲ್ಲಿ ಮಳೆನೀರು ಹರಿದುಹೋಗದಂತೆ ಜುಲೈ ಒಳಗೆ ಚೌಕುಮಡಿ (ಸುತ್ತ ಸಣ್ಣ ಬದು ಇರುವ ಚೌಕ) ಮಾಡಿ. ಇಳಿಜಾರು ಕಡಿಮೆ ಇದ್ದರೆ 4.5 ಮೀಟರ್ ಚೌಕ, ಹೆಚ್ಚಿದ್ದರೆ 3 ಮೀಟರ್. ಮಡಿ ಮಾಡುವ ಮೊದಲು ಕುಂಟಿ ಹೊಡೆದು ಕಸ ಸಾಯಿಸಿ. ಕಸ ಬೆಳೆದ ಮಡಿಯಲ್ಲಿ ಕೂಡಿದ ನೀರನ್ನು ಕಸವೇ ಕುಡಿಯುತ್ತದೆ. ಬಿತ್ತಿದ ಮೇಲೆ ಮೂರು, ಐದು, ಎಂಟನೇ ವಾರಕ್ಕೆ ಎಡೆ ಹೊಡೆಯಿರಿ (ಸಾಲುಗಳ ನಡುವೆ ಕುಂಟೆ ಆಡಿಸಿ). ಕೊನೆಯ ಎಡೆಯನ್ನು ‘ಕಸವೇ ಇಲ್ಲವಲ್ಲ’ ಎಂದು ಬಿಡುವವರೇ ಹೆಚ್ಚು. ಆ ಎಡೆ ಕಸಕ್ಕಲ್ಲ, ಬಿರುಕು ಮುಚ್ಚಲಿಕ್ಕೆ. ಎರೆ ಬಾಯಿಬಿಟ್ಟರೆ ಆಳದ ಹಸಿ ಆ ಬಿರುಕಿನಿಂದಲೇ ಆರುತ್ತದೆ. ಕೃಷಿ ಹೊಂಡದಲ್ಲಿ ಒಂದೇ ನೀರಿಗಾಗುವಷ್ಟು ಇದ್ದರೆ ಹೊಡೆ ಹಂತಕ್ಕೆ (ತೆನೆ ಇನ್ನೂ ಎಲೆಯೊಳಗೇ ಇರುವಾಗ), ಸುಮಾರು 55-60ನೇ ದಿನಕ್ಕೆ ಕೊಡಿ.

ಗೊಬ್ಬರ ಕೊನೆಗೆ. ಎಕರೆಗೆ 20 ಕೆ.ಜಿ. ಸಾರಜನಕ, 10 ಕೆ.ಜಿ. ರಂಜಕ: 22 ಕೆ.ಜಿ. ಡಿ.ಎ.ಪಿ., 35 ಕೆ.ಜಿ. ಯೂರಿಯಾ. ಎಲ್ಲವನ್ನೂ ಬಿತ್ತುವಾಗಲೇ, ಬೀಜಕ್ಕೆ ತಗಲದಂತೆ ಪಕ್ಕದಲ್ಲಿ, ಹಸಿ ಮಣ್ಣಿಗೆ ಬೀಳಿಸಿ. ನವೆಂಬರಿನಲ್ಲಿ ಒಣ ನೆಲದ ಮೇಲೆ ಚೆಲ್ಲಿದ ಯೂರಿಯಾ ಮಳೆ ಬರದಿದ್ದರೆ ಬೇರಿಗೆ ಇಳಿಯುವುದೇ ಇಲ್ಲ.

ಗುರಿ ಎಷ್ಟಿರಲಿ? ನಿಮ್ಮ ಮಣ್ಣು, ಮಳೆಗೆ ಸಾಧ್ಯವಾದ ಇಳುವರಿಯ ಮುಕ್ಕಾಲು ಪಾಲು. ಅದರ ಮೇಲಿನ ಪ್ರತಿ ಕ್ವಿಂಟಲಿಗೂ ಖರ್ಚು ಆದಾಯವನ್ನು ಮೀರಬಹುದು. ಮಣ್ಣು ನಿಜಕ್ಕೂ ಮೂರಡಿ ಇದ್ದರೆ ಆರೂವರೆ ಕ್ವಿಂಟಲ್ ನಿಮಗೆ ದೂರದ ಮಾತಲ್ಲ. ತಳಿಯ ಪ್ರಶ್ನೆ ಆಮೇಲೆ.

ಪ್ರಶ್ನೆ: ನಾರಾಯಣಪುರ ಎಡದಂಡೆ ಕಾಲುವೆ ಕೆಳಗೆ ಸೋನಾ ಮಸೂರಿ ಭತ್ತ. ಎಕರೆಗೆ ಐದು ಚೀಲ ಯೂರಿಯಾ ಹಾಕಿದರೂ ಇಳುವರಿ ಕುಸಿಯುತ್ತಿದೆ. ಇನ್ನೊಂದು ಚೀಲ ಹಾಕಲೇ?
– ರೈತರು, ಶಹಾಪುರ ತಾಲ್ಲೂಕು

ಉತ್ತರ: ಬೇಡ, ಇಳಿಸಿ. ಶಿಫಾರಸು ಇರುವುದು ಎಕರೆಗೆ 60 ಕೆ.ಜಿ. ಸಾರಜನಕ. 45 ಕೆ.ಜಿ.ಯ ಐದು ಚೀಲದಲ್ಲೇ 103 ಕೆ.ಜಿ. ಆಯಿತು, ಡಿ.ಎ.ಪಿ.ಯದು ಬೇರೆ. ಹೆಚ್ಚಾದದ್ದು ಎಲೆಗೆ ಹೋಗಿ ಬೆಂಕಿ ರೋಗ, ಕಂದು ಜಿಗಿಹುಳುವನ್ನು ಕರೆಯುತ್ತದೆ, ಸೋನಾ ಮಸೂರಿ (ಬಿ.ಪಿ.ಟಿ. 5204) ಬೆಂಕಿ ರೋಗಕ್ಕೆ ಮೊದಲೇ ಬೇಗ ತುತ್ತಾಗುವ ತಳಿ. 65 ಕೆ.ಜಿ. ಡಿ.ಎ.ಪಿ., 50 ಕೆ.ಜಿ. ಪೊಟ್ಯಾಷ್, 105 ಕೆ.ಜಿ. ಯೂರಿಯಾ ಸಾಕು. ಸಾರಜನಕದ ಅರ್ಧ ನಾಟಿಗೆ, ಕಾಲು ಭಾಗ ತೆಂಡೆ (ಬುಡದ ಕವಲು) ಒಡೆಯುವಾಗ, ಉಳಿದ ಕಾಲು ತೆನೆ ಹುಟ್ಟುವಾಗ.

ಇಲ್ಲೂ ಎಣಿಕೆ ಮಾಡಿ. ಚದರ ಮೀಟರಿಗೆ 33 ಗುಣಿ, ಅಂದರೆ ಸಸಿ ನೆಟ್ಟ ಬುಡ (20×15 ಸೆಂ.ಮೀ. ಅಂತರ) ಇರಬೇಕು. ಗುತ್ತಿಗೆ ನಾಟಿಯಲ್ಲಿ 20-22ಕ್ಕೆ ಇಳಿಯುವುದುಂಟು, ನಾಟಿ ನಡೆಯುವಾಗಲೇ ಗದ್ದೆಯಲ್ಲಿ ನಿಂತು ನೋಡಿಕೊಳ್ಳಿ. ಕಾಲುವೆ ನೀರು ತಡವಾಗಿ 40 ದಿನ ದಾಟಿದ ಸಸಿ ತೆಂಡೆ ಒಡೆಯುವುದು ಕಡಿಮೆ. ನೀರು ಬಿಡುವ ದಿನ ಖಚಿತವಾಗದೆ ಸಸಿಮಡಿಗೆ ಬೀಜ ಚೆಲ್ಲಬೇಡಿ. ಹಳೆಯ ಸಸಿಯನ್ನೇ ಹಚ್ಚಬೇಕಾಗಿ ಬಂದರೆ ಗುಣಿ ಒತ್ತಾಗಿಸಿ.

ಪ್ರಶ್ನೆ: ಜೋಳದ ಎಳೆ ಎಲೆಯಲ್ಲಿ ನಡುದಂಟಿನ ಎರಡೂ ಬದಿ ಬಿಳಿ ಪಟ್ಟಿ ಬರುತ್ತಿದೆ. ಸತುವಿನ ಸಲ್ಫೇಟನ್ನು ಡಿ.ಎ.ಪಿ. ಜೊತೆ ಕಲಸಿ ಬಿತ್ತಬಹುದೇ?
– ರೈತರು, ಭಾಲ್ಕಿ ತಾಲ್ಲೂಕು

ಉತ್ತರ: ಪಟ್ಟಿ ಎಲೆಯ ಬುಡದ ಕಡೆಗೆ ಅಗಲವಾಗಿದ್ದರೆ ಸತುವಿನ ಕೊರತೆಯೇ. ಆದರೆ ಡಿ.ಎ.ಪಿ. ಜೊತೆ ಕಲಸಬೇಡಿ, ರಂಜಕವೂ ಸತುವೂ ಒಂದನ್ನೊಂದು ಹಿಡಿದು ಕರಗದಂತಾಗುತ್ತವೆ. ಎಕರೆಗೆ 6 ಕೆ.ಜಿ. ಸತುವಿನ ಸಲ್ಫೇಟನ್ನು ಪುಡಿ ಮಾಡಿದ ತಿಪ್ಪೆಗೊಬ್ಬರದೊಂದಿಗೆ ಬೆರೆಸಿ, ಕೊನೆಯ ಕುಂಟಿಗೆ ಮೊದಲು ಪ್ರತ್ಯೇಕವಾಗಿ ಹೊಲಕ್ಕೆ ಚೆಲ್ಲಿ.