ಮೊಲದ ಗೂಡಿಗೆ ಫಿನಾಯಿಲ್ ಬೇಡ

ಪ್ರಶ್ನೆ: ಮನೆಯಲ್ಲಿ ಎರಡು ಮೊಲಗಳಿವೆ. ಗೂಡಿನ ತಟ್ಟೆಗೆ ಬಿಳಿ ಕರೆ ಗಟ್ಟಿಯಾಗಿ ಅಂಟಿದೆ, ವಾಸನೆಯೂ ಇದೆ. ಫಿನಾಯಿಲ್ ಹಾಕಿ ತೊಳೆಯಬಹುದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಫಿನಾಯಿಲ್ ಖಂಡಿತ ಬೇಡ. ಮೊಲ ನೆಲದ ಹತ್ತಿರವೇ ಉಸಿರಾಡುತ್ತದೆ, ಪಾದ ನೆಕ್ಕಿಕೊಳ್ಳುತ್ತದೆ. ಫಿನಾಯಿಲಿನ ಘಾಟು, ಅಂಶ ಎರಡೂ ಒಳಗೆ ಹೋಗುತ್ತವೆ.

ಆ ಬಿಳಿ ಕರೆ ಸುಣ್ಣದಂಶ. ಮೊಲ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೂತ್ರದಲ್ಲೇ ಹೊರಹಾಕುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ಲೂಸರ್ನ್ (ಕುದುರೆ ಮಸಾಲೆ) ಸೊಪ್ಪು ಜಾಸ್ತಿ ಹಾಕಿದರೆ ಕರೆಯೂ ಜಾಸ್ತಿ. ಸೋಪಿಗೆ ಅದು ಬಿಡುವುದಿಲ್ಲ, ಹುಳಿಗೆ ಬಿಡುತ್ತದೆ. ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ತಟ್ಟೆಗೆ ಸುರಿದು 15 ನಿಮಿಷ ಬಿಡಿ. ಸಣ್ಣಗೆ ಗುಳ್ಳೆ ಏಳುತ್ತಿದ್ದರೆ ಕರೆ ಕರಗುತ್ತಿದೆ ಎಂದರ್ಥ. ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ತೊಳೆಯಿರಿ. ಜಿಂಕ್ ಲೇಪನದ ತಂತಿ ಜಾಳಿಗೆಯ ಮೇಲೆ ಮಾತ್ರ ವಿನೆಗರ್ ನೆನೆಯಲು ಬಿಡಬೇಡಿ, ಲೇಪನ ತಿಂದುಹೋಗುತ್ತದೆ. ಒರೆಸಿ ಕೂಡಲೇ ತೊಳೆಯಿರಿ.

ಮೊಲಕ್ಕೆ ಕಾಯಿಲೆ ಬಂದು ಹೋಗಿದ್ದರೆ ಮಾತ್ರ ಬ್ಲೀಚ್ ಬಳಸಿ. ಸುವಾಸನೆ ಇಲ್ಲದ ದ್ರವ ಬ್ಲೀಚ್ 1 ಪಾಲು, ನೀರು 30 ಪಾಲು, 10 ನಿಮಿಷ. ಮೊದಲು ಮೂತ್ರ ಪೂರ್ತಿ ತೊಳೆದಿರಬೇಕು, ಯಾಕೆಂದರೆ ಅದರ ಅಮೋನಿಯಾ ಜೊತೆ ಬ್ಲೀಚ್ ಸೇರಿದರೆ ವಿಷಾನಿಲ ಏಳುತ್ತದೆ. ವಿನೆಗರ್ ಜೊತೆಗೂ ಅಷ್ಟೇ, ಎರಡನ್ನೂ ಎಂದೂ ಬೆರೆಸಬೇಡಿ. ಕೆಲಸದ ಹೊತ್ತಿಗೆ ಮೊಲಗಳು ಬೇರೆ ಕೋಣೆಯಲ್ಲಿರಲಿ.

ಆಮೇಲೆ ಗೂಡನ್ನು ಬಿಸಿಲಿಗಿಡಿ. ನಿಮ್ಮೂರಲ್ಲಿ ಅದಕ್ಕೇನು ಬರವಿಲ್ಲ. ಆದರೆ ತಣ್ಣಗಾದ ಮೇಲೆಯೇ ಮೊಲ ಒಳಗೆ ಬಿಡಿ. ಒದ್ದೆ ಹುಲ್ಲನ್ನು ದಿನವೂ ತೆಗೆದರೆ ಅರ್ಧ ವಾಸನೆ ಅಲ್ಲೇ ಕಡಿಮೆಯಾಗುತ್ತದೆ.