ಎತ್ಕೋ ಅಂತ ಕೈ ಚಾಚಿದರೆ

ಆಲೂರು ಹತ್ತಿರದ ಹಳ್ಳಿಯಿಂದ ಒಬ್ಬ ಸಹೋದರಿ ಎರಡು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಕಾಗದದ ಮುಖ್ಯ ಭಾಗ ಇಷ್ಟು:

"ನನ್ನ ಮಗಳಿಗೆ ಒಂದು ವರ್ಷ ಹತ್ತು ತಿಂಗಳು. ನನಗೆ ಈಗ ಮತ್ತೆ ಐದು ತಿಂಗಳು. ಇಷ್ಟು ಬೇಗ ಆಯ್ತಲ್ಲ ಅಂತ ಎಲ್ಲರೂ ಕೇಳ್ತಾರೆ. ಅವಳಿನ್ನೂ ಎದೆಹಾಲು ಬಿಟ್ಟಿಲ್ಲ. ಬಸುರಿ ಹಾಲು ವಿಷ, ಇವತ್ತೇ ಬಿಡಿಸು ಅಂತಾರೆ ಅತ್ತೆ. ಅವಳನ್ನ ಎತ್ಕೋಬೇಡ ಅಂತಾನೂ ಹೇಳ್ತಾರೆ. ಅವಳು ಎತ್ಕೋ ಅಂತ ಕೈ ಚಾಚ್ತಾಳೆ. ಹೆರಿಗೆಗೆ ತವರಿಗೆ ಹೋಗುವಾಗ ಅವಳನ್ನ ಇಲ್ಲೇ ಬಿಟ್ಟು ಹೋಗು ಅಂತ ಮಾತಾಗಿದೆ. ರಾತ್ರಿ ಅವಳು ಮಲಗಿದ ಮೇಲೆ ಮುಖ ನೋಡಿ ಅಳ್ತೀನಿ. ಅವಳಿಗೆ ಮೋಸ ಮಾಡ್ತಿದ್ದೀನಾ? ಇನ್ನೊಂದು ಮಾತು, ಅವಳು ಮಲಗೋ ತೊಟ್ಟಿಲನ್ನ ಹೊಸ ಮಗುವಿಗೆ ಕೊಡೋದು ಹೇಗೆ?"

ತಂಗೀ,

ಮೊದಲು ಹಾಲಿನ ವಿಷಯ ಮುಗಿಸಿಬಿಡೋಣ. ಅದು ನಿಮ್ಮನ್ನು ಜಾಸ್ತಿ ಹೆದರಿಸಿದೆ.

ಬಸುರಿಯ ಹಾಲು ವಿಷ ಅಲ್ಲ. ಹೊಟ್ಟೆಯಲ್ಲಿರುವ ಮಗು ಚೆನ್ನಾಗಿದ್ದು, ನಿಮಗೂ ಬೇರೆ ತೊಂದರೆ ಇಲ್ಲದಿದ್ದರೆ ಹಾಲು ಕುಡಿಸಬಹುದು. ನಾಲ್ಕನೇ, ಐದನೇ ತಿಂಗಳ ಹೊತ್ತಿಗೆ ಹಾಲು ತಾನಾಗಿಯೇ ಕಡಿಮೆಯಾಗುತ್ತದೆ. ರುಚಿಯೂ ಬದಲಾಗುತ್ತದೆ. ಎಷ್ಟೋ ಮಕ್ಕಳು ಆಗ ತಾವಾಗಿಯೇ ಬಿಟ್ಟುಬಿಡುತ್ತವೆ. ಆದರೆ ರಕ್ತಸ್ರಾವ ಆಗಿದ್ದರೆ, ಮೊದಲ ಹೆರಿಗೆ ತಿಂಗಳು ತುಂಬುವ ಮೊದಲೇ ಆಗಿದ್ದರೆ, ಅವಳಿ ಇದ್ದರೆ, ಅಥವಾ ಕುಡಿಸುವಾಗ ಹೊಟ್ಟೆ ಹಿಡಿದುಕೊಂಡ ಹಾಗಾದರೆ ನಿಲ್ಲಿಸಿ, ಡಾಕ್ಟರನ್ನು ಕೇಳಿ.

ಬಿಡಿಸಲೇಬೇಕು ಅನಿಸಿದರೆ ನಿಧಾನವಾಗಿ ಬಿಡಿಸಿ. ಮೊದಲು ಮಧ್ಯಾಹ್ನದ ಹಾಲು. ಒಂದು ವಾರ ಬಿಟ್ಟು ಸಂಜೆಯದು. ರಾತ್ರಿಯದು ಕೊನೆಗೆ. ಬೇವಿನ ಸೊಪ್ಪು ಅರೆದು ಹಚ್ಚುವುದು ಮಾತ್ರ ದಯವಿಟ್ಟು ಬೇಡ. ನಿನ್ನೆಯವರೆಗೆ ಸಿಹಿಯಾಗಿದ್ದ ಅಮ್ಮನ ಎದೆ ಇವತ್ತು ಯಾಕೆ ಕಹಿಯಾಯಿತು ಎಂದು ಆ ಮಗುವಿಗೆ ಯಾರು ಹೇಳುತ್ತಾರೆ?

"ಇಷ್ಟು ಬೇಗ" ಅನ್ನುವ ಮಾತಿಗೆ ಬರೋಣ. ಒಂದು ಹೆರಿಗೆ ಆದ ಮೇಲೆ ಮತ್ತೆ ಬಸುರಿಯಾಗಲು ಕನಿಷ್ಠ 24 ತಿಂಗಳು ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮದು ಅದಕ್ಕಿಂತ ಬೇಗ ಆಗಿದೆ, ನಿಜ. ಅದು ತಪ್ಪು ಮಾಡಿದ ಲೆಕ್ಕ ಅಲ್ಲ, ಜಾಸ್ತಿ ಜೋಪಾನ ಬೇಕು ಅಂತ ಅಷ್ಟೆ. ಮೊದಲ ಬಸುರಿ, ಬಾಣಂತನ, ಹಾಲು ಎಲ್ಲ ಸೇರಿ ಮೈಯಲ್ಲಿರುವ ಕಬ್ಬಿಣದ ಅಂಶವನ್ನು ಖರ್ಚು ಮಾಡಿರುತ್ತವೆ. ಅದು ತುಂಬುವ ಮೊದಲೇ ಇನ್ನೊಂದು ಮಗು ಕೇಳುತ್ತಿದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದೇ ಲೆಕ್ಕ. ನಿಮ್ಮದು ಎಷ್ಟಿದೆ ಎಂದು ಕಾಗದದಲ್ಲಿ ಬರೆದಿಲ್ಲ. ತಾಯಿ ಕಾರ್ಡ್ ತೆಗೆದು ನೋಡಿ.

ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯನ್ನು ತಪ್ಪಿಸಬೇಡಿ. ಮಲ ಕಪ್ಪಗಾದರೆ ಹೆದರಬೇಡಿ, ಅದು ಮಾತ್ರೆಯಿಂದ ಆಗುವುದು. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆ ನುಂಗದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಿ. ನಮ್ಮ ಕಡೆಯ ದೊಡ್ಡ ಅಭ್ಯಾಸ ಒಂದಿದೆ ನೋಡಿ, ಊಟ ಆಗುತ್ತಿದ್ದ ಹಾಗೆ ಒಂದು ಲೋಟ ಕಾಫಿ. ಊಟದಲ್ಲಿದ್ದ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುವುದು ಅದೇ. ಕಾಫಿ ಪೂರ್ತಿ ಬಿಡಿ ಅನ್ನುವುದಿಲ್ಲ. ದಿನಕ್ಕೆ ಎರಡು ಸಣ್ಣ ಲೋಟ ಸಾಕು, ಊಟಕ್ಕೂ ಅದಕ್ಕೂ ಒಂದು ಗಂಟೆಯಾದರೂ ಅಂತರ ಇರಲಿ. ನುಗ್ಗೆಸೊಪ್ಪಿನ ಪಲ್ಯ, ಹುರುಳಿಕಾಳು ಸಾರು, ಮುದ್ದೆ ನಿಮ್ಮ ಮನೆಯಲ್ಲೇ ಇದೆ. ಮೇಲೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ, ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆ ದಿನ ತಪ್ಪಿಸಬೇಡಿ.

ನಿಮ್ಮ ಮೊದಲ ಹೆರಿಗೆ ಸಹಜವಾಗಿ ಆಗಿದೆ ಎಂದು ಬರೆದಿದ್ದೀರಿ. ಇದನ್ನು ಓದುತ್ತಿರುವ ಬೇರೆಯವರಿಗೆ ಸಿಸೇರಿಯನ್ ಆಗಿದ್ದು, ಅಂತರವೂ ಕಡಿಮೆ ಇದ್ದರೆ, ಎಲ್ಲಿ ಹೆರಿಗೆ ಮಾಡಿಸಿಕೊಳ್ಳಬೇಕು ಎಂದು ಈಗಲೇ ಡಾಕ್ಟರ ಹತ್ತಿರ ಮಾತಾಡಿ.

ಇನ್ನು ಎತ್ತಿಕೊಳ್ಳುವ ಮಾತು. ಡಾಕ್ಟರು ಭಾರ ಎತ್ತಬೇಡಿ ಎಂದು ಹೇಳಿಲ್ಲದಿದ್ದರೆ ಮಗಳನ್ನು ಎತ್ತಿಕೊಳ್ಳಬಹುದು. ಬಗ್ಗಿ ಎತ್ತಬೇಡಿ. ಮಂಡಿ ಮಡಚಿ ಕುಳಿತು, ಅವಳನ್ನು ಎದೆಗೆ ಒತ್ತಿಕೊಂಡು, ಕಾಲಿನ ಬಲದಿಂದ ಏಳಿ. ತಿಂಗಳು ತುಂಬುತ್ತಾ ಬಂದ ಹಾಗೆ ನೀವೇ ಮಣೆ ಮೇಲೆ ಕುಳಿತು, "ಬಾ, ಹತ್ತು" ಅನ್ನಿ. ಅವಳಾಗಿಯೇ ಮಡಿಲು ಏರುತ್ತಾಳೆ. ಅವಳಿಗೆ ಬೇಕಾಗಿರುವುದು ಎತ್ತರ ಅಲ್ಲ, ನಿಮ್ಮ ಮೈ ಬಿಸಿ.

ಈಗ ನನಗೆ ಮುಖ್ಯ ಅನಿಸಿದ ಮಾತು. ನಿಮ್ಮ ಎರಡು ಪುಟದ ಕಾಗದದಲ್ಲಿ ಅತ್ತೆ ಏಳು ಸಲ ಬಂದಿದ್ದಾರೆ. ನಿಮ್ಮ ಮನೆಯವರು ಒಂದೇ ಸಲ, ಅದೂ "ಅವರು ಬರೋದು ರಾತ್ರಿ ಎಂಟು ಗಂಟೆ" ಎಂಬ ಸಾಲಿನಲ್ಲಿ. ತಂಗೀ, ಎಂಟು ಗಂಟೆಯಾದರೆ ಆಗಲಿ. ಇವತ್ತಿನಿಂದ ಮಗಳನ್ನು ಮಲಗಿಸುವ ಕೆಲಸ ಅವರದು.

ಹೊಸ ಮಗು ಬಂದಾಗ ದೊಡ್ಡ ಮಗು ಕಳೆದುಕೊಳ್ಳುವುದು ಅಮ್ಮನ ಮಡಿಲು. ಇರುವುದು ಒಂದೇ ಮಡಿಲಾದರೆ ಹಂಚುವುದು ಕಷ್ಟ. ಎರಡನೇ ಮಡಿಲು ಮೊದಲೇ ರೂಢಿಯಾಗಿದ್ದರೆ ಅವಳಿಗೆ ಹೋಗಲು ಒಂದು ಜಾಗ ಇರುತ್ತದೆ. ಹೆರಿಗೆಯಾದ ದಿನ ದಿಢೀರ್ ಅಂತ ಅಪ್ಪನ ಕೈಗೆ ಕೊಟ್ಟರೆ, ತಂಗಿಯೋ ತಮ್ಮನೋ ಬಂದು ನನ್ನನ್ನು ಆಚೆ ಹಾಕಿತು ಅಂತಲೇ ಅವಳಿಗೆ ಅನಿಸುತ್ತದೆ. ಇನ್ನೂ ನಾಲ್ಕು ತಿಂಗಳಿರುವಾಗಲೇ ಶುರು ಮಾಡಿದರೆ ಅದು ಅಪ್ಪನ ಜೊತೆಗಿನ ಅವಳ ಸ್ವಂತ ಹೊತ್ತಾಗುತ್ತದೆ.

ಮೊದಲ ನಾಲ್ಕೈದು ರಾತ್ರಿ ಅವಳು ಅಳುತ್ತಾಳೆ. ನಿಮ್ಮ ಹೆಸರು ಹಿಡಿದು ಅಳುತ್ತಾಳೆ. ಆಗ ಎದ್ದು ಓಡಬೇಡಿ. ಅವಳು ಒಂಟಿಯಾಗಿ ಅಳುತ್ತಿಲ್ಲ, ಅಪ್ಪನ ಹೆಗಲ ಮೇಲೆ ಅಳುತ್ತಿದ್ದಾಳೆ. ಅವರು ನಿಮ್ಮ ಹಾಗೆ ಮಲಗಿಸುವುದಿಲ್ಲ. ಜೋಗುಳ ಬರದೆ ಅಂಗಡಿ ಲೆಕ್ಕವನ್ನೇ ರಾಗವಾಗಿ ಹೇಳಬಹುದು. ಹೊದಿಕೆ ಸರಿಯಾಗಿ ಹೊದಿಸದೇ ಇರಬಹುದು. ಹೋಗಿ ಸರಿ ಮಾಡಬೇಡಿ. ಭಾನುವಾರ ಸ್ನಾನವನ್ನೂ ಅವರೇ ಮಾಡಿಸಲಿ. ಆ ಹೊತ್ತಿನಲ್ಲಿ ನೀವು ಎಡಮಗ್ಗುಲಾಗಿ ಮಲಗಿ. ಐದು ತಿಂಗಳ ಹೊಟ್ಟೆ ಹೊತ್ತುಕೊಂಡು, ಎರಡು ವರ್ಷವೂ ತುಂಬದ ಮಗುವಿನ ಹಿಂದೆ ದಿನವೆಲ್ಲ ಓಡುವ ಹೆಂಗಸಿಗೆ ಅಷ್ಟು ವಿಶ್ರಾಂತಿ ಬೇಕೇ ಬೇಕು.

ಮಗಳಿಗೆ ಹೇಗೆ ಹೇಳುವುದು ಎಂದೂ ಕೇಳಿದ್ದೀರಿ. ಆ ವಯಸ್ಸಿಗೆ ನಾಲ್ಕು ತಿಂಗಳು ಅಂದರೆ ಏನೂ ಅಲ್ಲ. ನಿಮಗೆ ದಿನ ಕೊಟ್ಟಿರುವುದು ನವೆಂಬರಿನಲ್ಲಿ, ಅಲ್ವಾ? ಅಷ್ಟರಲ್ಲಿ ಹಾಸನಾಂಬೆ ಬಾಗಿಲು ತೆಗೆದಿರುತ್ತಾಳೆ. ವರ್ಷಕ್ಕೊಮ್ಮೆ ತೆಗೆಯುವ ಬಾಗಿಲು, ಊರು ತುಂಬ ದೀಪ. ಕೊನೆಯ ತಿಂಗಳಲ್ಲಿ ಆ ಸಾಲಿನಲ್ಲಿ ನೀವು ನಿಲ್ಲುವುದು ಬೇಡ. ಒಂದು ಸಂಜೆ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೀಪ ತೋರಿಸಿಕೊಂಡು ಬರಲಿ. "ದೀಪ ನೋಡಿದ್ವಲ್ಲ, ಇನ್ನು ಪಾಪು ಬರುತ್ತೆ" ಅಂದರೆ ಅವಳಿಗೆ ಅರ್ಥವಾಗುತ್ತದೆ. ಅಲ್ಲಿಯವರೆಗೆ ಹೊಟ್ಟೆ ಮೇಲೆ ಕೈ ಇಡಿಸಿ, ಒದೆತ ಸಿಕ್ಕರೆ ಸಿಗಲಿ. ಅಷ್ಟು ಸಾಕು.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ನಿಲ್ಲಿಸಿ. ನಮ್ಮಲ್ಲಿ ಮನೆಗೆ ಬಂದವರೆಲ್ಲ ದೊಡ್ಡ ಮಗುವಿನ ಗಲ್ಲ ಹಿಂಡಿ, "ಇನ್ನು ನಿನ್ನ ಅಮ್ಮ ನಿನ್ನನ್ನ ಎತ್ಕೊಳಲ್ಲ ಬಿಡು, ಪಾಪು ಬರುತ್ತೆ" ಅನ್ನುತ್ತಾರೆ. ಸುಮ್ನೆ ತಮಾಷೆಗೆ ಅನ್ನುತ್ತಾರೆ. ಮಗುವಿಗೆ ಅದು ತಮಾಷೆ ಅಲ್ಲ. ಹಾಗೆ ಅಂದಾಗ ಆ ಮಗುವಿನ ಮುಖ ಒಮ್ಮೆ ನೋಡಿ. ನಗು ಅರ್ಧಕ್ಕೆ ನಿಲ್ಲುತ್ತದೆ. ಅನ್ನುವವರು ಎಷ್ಟೇ ದೊಡ್ಡವರಾಗಿರಲಿ, ಅವಳ ಎದುರಿಗೇ, ಅವಳಿಗೆ ಕೇಳುವ ಹಾಗೆ, "ಇಲ್ಲ ದೊಡ್ಡಮ್ಮ, ನಾನು ಇವಳನ್ನೂ ಎತ್ಕೋತೀನಿ" ಅನ್ನಿ. ದನಿ ಏರಿಸುವುದು ಬೇಡ. "ಈ ಸಲ ಗಂಡಾಗಲಿ" ಅನ್ನುವವರಿಗೂ ಅಷ್ಟೆ. ಆ ಮಾತು ಕೇಳುತ್ತಾ ಬೆಳೆಯುವವಳೂ ಹೆಣ್ಣು ಮಗಳೇ. ಹೆಣ್ಣೋ ಗಂಡೋ ತೀರ್ಮಾನ ಆಗುವುದು ಗಂಡಸಿನ ಬೀಜದಿಂದ, ನಿಮ್ಮಿಂದ ಅಲ್ಲ. ಸ್ಕ್ಯಾನಿಂಗಿನಲ್ಲಿ ಕೇಳುವುದೂ ಹೇಳುವುದೂ 1994ರ ಕಾನೂನಿನ ಪ್ರಕಾರ ಅಪರಾಧ. ಎರಡನೆಯದೂ ಹೆಣ್ಣಾದರೆ ಮಾತೃ ವಂದನಾ ಯೋಜನೆಯಲ್ಲಿ 6000 ರೂಪಾಯಿ ಸಿಗುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಿ.

ತವರಿಗೆ ಮಗಳನ್ನು ಕರೆದುಕೊಂಡೇ ಹೋಗಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ನನ್ನ ಎರಡನೇ ಹೆರಿಗೆಯ ಹೊತ್ತಿಗೆ ಮಗನಿಗೆ ಎರಡು ವರ್ಷ ಮೂರು ತಿಂಗಳು. ಎರಡು ಮಕ್ಕಳನ್ನು ಸುಧಾರಿಸಲು ಆಗುವುದಿಲ್ಲ ಎಂದು ಅವನನ್ನು ಹಾಸನದಲ್ಲಿ ಅಜ್ಜಿಯ ಹತ್ತಿರ ಬಿಟ್ಟು ನಾನು ಮೂಡಿಗೆರೆಗೆ ಹೋದೆ. ಎಲ್ಲರೂ ಒಳ್ಳೆಯದಕ್ಕೇ ಹೇಳಿದ್ದರು. ನಾನೂ ಒಪ್ಪಿಕೊಂಡಿದ್ದೆ. ಬಾಣಂತನ ಮುಗಿಸಿ ಮೂರು ತಿಂಗಳ ಮೇಲೆ ಬಂದೆ. ಬಾಗಿಲಲ್ಲಿ ಅವನು ಅಜ್ಜಿಯ ಸೆರಗು ಹಿಡಿದು ನಿಂತಿದ್ದ. ಅಳಲಿಲ್ಲ, ಓಡಿ ಬರಲೂ ಇಲ್ಲ. ಮಧ್ಯಾಹ್ನ ಅನ್ನ ಕಲಸಿ ತುತ್ತು ಹಿಡಿದೆ. ಅವನು ಬಾಯಿ ತೆರೆಯಲಿಲ್ಲ. ತಿರುಗಿ ಅಜ್ಜಿಯ ಮುಖ ನೋಡಿದ. ಅವರು ತಲೆ ಆಡಿಸಿದ ಮೇಲೆ ಬಾಯಿ ತೆರೆದ. ನನ್ನ ಕೈತುತ್ತು ತಿನ್ನಲು ನನ್ನ ಮಗ ಇನ್ನೊಬ್ಬರನ್ನು ಕೇಳಿದ. ಆಮೇಲೆ ಎಲ್ಲ ಸರಿಹೋಯಿತು, ವಾರದಲ್ಲಿ ಮೊದಲಿನ ಹಾಗಾದ. ಆದರೂ ಆ ತುತ್ತು ನನಗೆ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ಆಸ್ಪತ್ರೆಯಲ್ಲಿರುವ ಎರಡು ಮೂರು ದಿನ ಅಪ್ಪನ ಜೊತೆ ಇರಲಿ. ಉಳಿದಂತೆ ನೀವಿದ್ದಲ್ಲೇ ಅವಳು. ಅವಳ ಹಳೆಯ ಹೊದಿಕೆ, ಅವಳ ಲೋಟ ಜೊತೆಗೆ ಬರಲಿ. ತವರಿನಲ್ಲಿ ಕಷ್ಟ ಅನ್ನುವುದಾದರೆ ಬಾಣಂತನವೇ ಈ ಮನೆಯಲ್ಲಿ ಆಗಲಿ, ನಿಮ್ಮ ಅಮ್ಮ ಬಂದು ಹದಿನೈದು ದಿನ ಇರಲಿ. ಎರಡನೆಯದಕ್ಕೆ ಹಾಗೆ ಮಾಡುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ.

ಹೆರಿಗೆಯಾದ ಮೇಲೆ ಅವಳು ಮೊದಲ ಸಲ ಒಳಗೆ ಬರುವಾಗ ಹೊಸ ಮಗು ನಿಮ್ಮ ಕೈಯಲ್ಲಿರದ ಹಾಗೆ ನೋಡಿಕೊಳ್ಳಿ. ಪಕ್ಕದಲ್ಲಿ ಮಲಗಿಸಿ, ಅಥವಾ ಅಮ್ಮನ ಕೈಗೆ ಕೊಡಿ. ನಿಮ್ಮ ಎರಡು ಕೈಯೂ ಅವಳಿಗೆ ಖಾಲಿ ಇರಲಿ. ಕೆಲವು ದಿನ ಚಡ್ಡಿ ಒದ್ದೆ ಮಾಡಿಕೊಳ್ಳಬಹುದು, ತೊದಲಬಹುದು, ಬಿಟ್ಟ ಹಾಲು ಮತ್ತೆ ಕೇಳಬಹುದು. ಪಾಪುವನ್ನು ಚಿವುಟಲೂಬಹುದು. ಬೈಯಬೇಡಿ, "ನೀನು ದೊಡ್ಡವಳು" ಅನ್ನಬೇಡಿ. ಎರಡು ವರ್ಷದವಳು ದೊಡ್ಡವಳಲ್ಲ. ಆದರೆ ಒಂದು ಗಳಿಗೆಯೂ ಅವರಿಬ್ಬರನ್ನೇ ಬಿಟ್ಟು ಆಚೆ ಹೋಗಬೇಡಿ.

ಮೋಸ ಮಾಡುತ್ತಿದ್ದೀನಾ ಎಂದು ಕೇಳಿದಿರಿ. ಇಲ್ಲ ತಂಗೀ. ಮಲಗಿದ ಮಗುವಿನ ಮುಖ ನೋಡಿ ಅಳುವ ತಾಯಿಯ ಹತ್ತಿರ ಆ ಮಗುವಿನ ಪಾಲು ಎಲ್ಲಿಗೂ ಹೋಗಿಲ್ಲ. ಆದರೆ ದಿನಾ ಅಳು ಬರುತ್ತಿದ್ದರೆ, ನಿದ್ದೆ ಊಟ ಸೇರದಿದ್ದರೆ ಅದನ್ನೂ ತಪಾಸಣೆಯ ದಿನ ಡಾಕ್ಟರಿಗೆ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಕೊನೆಗೆ ತೊಟ್ಟಿಲು. ಅವಳನ್ನು ಈ ತಿಂಗಳೇ ಚಾಪೆ ಮೇಲೆ ಅಪ್ಪನ ಪಕ್ಕ ಮಲಗಿಸಿ ರೂಢಿ ಮಾಡಿ. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿ. ಎರಡು ಮೂರು ತಿಂಗಳು ಅವಳ ಕಣ್ಣಿಗೆ ಬೀಳದೆ ಇರಲಿ. ದೀಪಾವಳಿಗೆ ಮನೆ ಗುಡಿಸುವಾಗ ಕೆಳಗೆ ಇಳಿಸಿ, ಅವಳ ಕೈಗೊಂದು ಒದ್ದೆ ಬಟ್ಟೆ ಕೊಡಿ. ಕಂಬಿ ಕಂಬಿ ಒರೆಸಲಿ. ಎಷ್ಟು ಹೊತ್ತು ಬೇಕಾದರೂ ಒರೆಸಲಿ. ಮಧ್ಯೆ ತಾನೇ ಹತ್ತಿ ಕೂತರೆ, ಒಂದು ಸಲ ತೂಗಿ.